ಡಿಫೆನ್ಸ್ ಸುದ್ದಿ ಓದೋದು ಹೇಗೆ: ಮಿಸೈಲ್ ಎಣಿಸೋಕೆ ಮುಂಚೆ ಹೆಸರು ನೋಡಿ

ಕೆಲಸದ ಮೇಲೆ ಎರಡು ವರ್ಷ ಯೋಕೊಹಾಮಾದಲ್ಲಿದ್ದೆ, ಆಗಿನ ಮಾತು. ಒಂದು ಭಾನುವಾರ ನಮ್ಮ ಟೀಮಿನ ಹಿರಿಯರೊಬ್ಬರು ಯೊಕೊಸುಕಾ ಬಂದರು ತೋರಿಸ್ತೀನಿ ಬನ್ನಿ ಅಂತ ಕರ್ಕೊಂಡು ಹೋದ್ರು, ಅಲ್ಲಿ ಬೂದು ಬಣ್ಣದ ಹಡಗುಗಳು ಸಾಲಾಗಿ ನಿಂತಿದ್ವು, ನಾನು ಏನೋ ಮಾತಿಗೆ ಅಂತ "ನಿಮ್ಮ ನೇವಿ ಜೋರಾಗಿದೆಯಲ್ಲ" ಅಂದೆ. ಅವ್ರು ನಕ್ಕು, ನೇವಿ ಅಂದ್ರೆ ಆ ಕಡೆ ನಿಂತಿದೆಯಲ್ಲ ಅಮೆರಿಕದವ್ರದು ಅದು, ನಮ್ದು ನೇವಿ ಅಲ್ಲ, ಕಾಯ್ಜೊ ಜಿಯೇತಾಯ್ ಅಂದ್ರು. ಕಡಲಿನ ಸ್ವರಕ್ಷಣಾ ಪಡೆ ಅಂತ ಅರ್ಥ. ಸರಿ, ಪಕ್ಕದಲ್ಲೇ ಇಝುಮೊ ಅನ್ನೋ ಹಡಗು, ಮೇಲೆ ಪೂರ್ತಿ ಚಪ್ಪಟೆ ಡೆಕ್ಕು, ಉದ್ದ 248 ಮೀಟರ್, ನಮ್ಮ ವಿಕ್ರಾಂತೇ 262 ಮೀಟರ್ ಇರೋದು. ಹಾಗಾದ್ರೆ ಇದು ಏರ್‌ಕ್ರಾಫ್ಟ್ ಕ್ಯಾರಿಯರ್ ಅಲ್ವಾ ಅಂತ ಕೇಳ್ದೆ. ಅಲ್ಲ, ಗೋಯೇಕಾನ್ ಅಂದ್ರು. ಗೋಯೇಕಾನ್ ಅಂದ್ರೆ ಬೆಂಗಾವಲು ಹಡಗು. ಈ ಸಲ ಮುಖದಲ್ಲಿ ನಗು ಇರ್ಲಿಲ್ಲ.

ರೂಮಿಗೆ ಬಂದು ಗೆಳೆಯರ ಗ್ರೂಪಲ್ಲಿ ಇದನ್ನ ಜೋಕ್ ಥರ ಹಾಕ್ದೆ, ಎಲ್ರೂ ನಕ್ರು, ನಾನೂ ನಕ್ಕೆ. ನಾನು ಎಷ್ಟು ದಡ್ಡನ ಥರ ಓದ್ತಿದ್ದೆ ಅಂತ ಗೊತ್ತಾಗೋಕೆ ಆಮೇಲೆ ಒಂದು ವರ್ಷ ಹಿಡೀತು. ನಮ್ಮ ಕಡೆ ಡಿಫೆನ್ಸ್ ಸುದ್ದಿ ಅಂದ್ರೆ ಲೆಕ್ಕ ಹಾಕೋದು, ಅವ್ರ ಹತ್ರ ಎಷ್ಟು ವಿಮಾನ, ಇವ್ರ ಹತ್ರ ಎಷ್ಟು ಮಿಸೈಲು, ಯಾರು ಗೆಲ್ತಾರೆ, ಮುಗೀತು. ಆದ್ರೆ ಒಂದು ದೇಶ ತನ್ನನ್ನ ಏನಂತ ಅಂದ್ಕೊಂಡಿದೆ, ಅಕ್ಕಪಕ್ಕದವ್ರು ಅದನ್ನ ಏನಂತ ನೆನಪಿಟ್ಕೊಂಡಿದ್ದಾರೆ, ಇವೆರಡು ಗೊತ್ತಿಲ್ದಿದ್ರೆ ಆ ಲೆಕ್ಕದಿಂದ ಅರ್ಧ ಸುದ್ದೀನೂ ಅರ್ಥ ಆಗಲ್ಲ. ಹಂಗಾಗಿ ನಾನು ಹೆಂಗೆ ಓದ್ತೀನಿ ಅಂತ ಜಪಾನ್ ಇಟ್ಕೊಂಡೇ ಹೇಳ್ತೀನಿ, ವಿಧಾನ ಬೇರೆ ದೇಶಕ್ಕೂ ಆಗುತ್ತೆ. ಒಂದು ನೋಟ್‌ಬುಕ್ಕು ಇಟ್ಕೊಳ್ಳಿ, ಫೋನಲ್ಲಾದ್ರೂ ಸರಿ.

ಮೊದಲ್ನೇ ಕೆಲಸ, ಎರಡು ಕಾಲಮ್ ಹಾಕಿ. ಎಡಗಡೆ ಆ ವಸ್ತು ಏನು ಮಾಡುತ್ತೆ ಅಂತ, ಬಲಗಡೆ ಅದನ್ನ ಅವ್ರು ಏನಂತ ಕರೀತಾರೆ ಅಂತ. ಜಪಾನಿಗೆ ಹಾಕಿದ್ರೆ ಪುಟ ತುಂಬ್ಹೋಗುತ್ತೆ. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ 75,000 ಜನರ ಪಡೆ ಕಟ್ಟಿದ್ರು, ಹೆಸರು ಪೊಲೀಸ್ ರಿಸರ್ವ್. ಅದೇ ಬೆಳೆದು 1954ರಲ್ಲಿ ಸ್ವರಕ್ಷಣಾ ಪಡೆ ಆಯ್ತು. ಶುರುವಿನಲ್ಲಿ ಟ್ಯಾಂಕಿಗೆ ಟ್ಯಾಂಕ್ ಅಂತಿರ್ಲಿಲ್ಲ, ವಿಶೇಷ ವಾಹನ. ಕಾಲಾಳು ಪಡೆಗೆ ಇವತ್ತಿಗೂ 'ಸಾಮಾನ್ಯ ವಿಭಾಗ' ಅಂತ್ಲೇ ಹೆಸರು. 1998ರಲ್ಲಿ ಉತ್ತರ ಕೊರಿಯಾದ ರಾಕೆಟ್ಟು ತಲೆ ಮೇಲೆ ಹಾದು ಹೋದ್ಮೇಲೆ ಬೇಹುಗಾರಿಕೆ ಉಪಗ್ರಹ ಬಿಡೋಕೆ ನಿರ್ಧಾರ ಮಾಡಿದ್ರು, ಅದರ ಹೆಸರು ಮಾಹಿತಿ ಸಂಗ್ರಹ ಉಪಗ್ರಹ. 2014ರಲ್ಲಿ ಶಸ್ತ್ರ ರಫ್ತಿನ ಮೇಲಿದ್ದ ಕಟ್ಟುಪಾಡು ಸಡಿಲ ಮಾಡಿದಾಗ 'ಶಸ್ತ್ರ' ಅನ್ನೋದೂ ಹೋಯ್ತು 'ರಫ್ತು' ಅನ್ನೋದೂ ಹೋಯ್ತು, ರಕ್ಷಣಾ ಸಲಕರಣೆ ವರ್ಗಾವಣೆ ಅಂತ ಬಂತು, ಏನೋ ಸರ್ಕಾರಿ ನೌಕರರ ಟ್ರಾನ್ಸ್‌ಫರ್ ಥರ.

ಇಲ್ಲಿ ಒಂದು ಎಚ್ಚರ. ಇದೆಲ್ಲ ಬರೀ ನಾಟಕ, ಹೆಸರು ಬದಲಾಯಿಸಿ ಜನಕ್ಕೆ ಟೋಪಿ ಹಾಕೋದು ಅಂತ ಅನ್ಸುತ್ತೆ, ನಾನು ಮಾಡಿದ್ದೂ ಅದೇ ತಪ್ಪು. ಹೆಸರು ಇಟ್ಟವ್ರನ್ನೇ ಆ ಹೆಸರು ಕಟ್ಟಿಹಾಕುತ್ತೆ ಗುರು. ಬೆಂಗಾವಲು ಹಡಗು ಅಂತ ಹೇಳಿದ್ಮೇಲೆ ಅದರ ಮೇಲೆ ಹೆಲಿಕಾಪ್ಟರ್ ಮಾತ್ರ ಇಡ್ಬೇಕು, ಫೈಟರ್ ಇಳಿಸ್ತೀವಿ ಅಂತ ಡಿಸೆಂಬರ್ 2018ರಲ್ಲಿ ಹೇಳಿದಾಗ ಸರ್ಕಾರ ಪಾರ್ಲಿಮೆಂಟಿನಲ್ಲಿ ಕೂತು ಎಫ್-35ಬಿ ವಿಮಾನ ಅದರ ಮೇಲೆ ಯಾವಾಗ್ಲೂ ಇರಲ್ಲ, ಬೇಕಾದಾಗ ಮಾತ್ರ ಅಂತ ವಿವರಣೆ ಕೊಡಬೇಕಾಯ್ತು. ಚೀನಾದವ್ರಿಗಾಗ್ಲಿ ನಮಗಾಗ್ಲಿ ಇಂಥ ವಿವರಣೆ ಕೊಡೋ ಗತಿ ಬರಲ್ಲ. ಹಡಗು ಅದೇ, ಡೆಕ್ಕೂ ಅದೇ, ಹೆಸರಿನ ದೆಸೆಯಿಂದ ವರ್ಷಗಟ್ಟಲೆ ತಡ, ಮೇಲೆ ಷರತ್ತು ಬೇರೆ. ಎರಡು ಕಾಲಮ್ಮಿನ ಮಧ್ಯೆ ಅಂತರ ಎಲ್ಲಿ ಜಾಸ್ತಿ ಇದ್ಯೋ ಅಲ್ಲಿ ಗುಂಡು ಗುರುತು ಹಾಕಿ, ಅಲ್ಲೇ ರಾಜಕೀಯ ಇರೋದು.

ಎರಡನೇದು, ಆ ದೇಶಕ್ಕೆ ಆಗಿರೋ ಗಾಯ ಯಾವ್ದು, ಆ ಕಥೆ ಹೇಳೋವಾಗ ಕರ್ತೃ ಯಾರು ಅಂತ ಹುಡುಕಿ. ಕರ್ತೃ ಅಂದ್ರೆ ಶಾಲೇಲಿ ಓದಿದ್ದೇ, ಕರ್ತೃ-ಕರ್ಮ-ಕ್ರಿಯಾಪದ. ಹಿರೋಶಿಮಾದ ಶಾಂತಿ ಉದ್ಯಾನದಲ್ಲಿ ಕಮಾನಿನ ಥರದ ಸ್ಮಾರಕ ಇದೆ, 1952ರಲ್ಲಿ ಆಗಿದ್ದು, ಅದರ ಕೆಳಗಿನ ಕಲ್ಲಿನ ಮೇಲೆ ಒಂದೇ ವಾಕ್ಯ. ನೆಮ್ಮದಿಯಾಗಿ ಮಲ್ಕೊಳ್ಳಿ, ತಪ್ಪು ಮತ್ತೆ ಮಾಡಲ್ಲ, ಅಂತ. ಯಾರು ಮಾಡಲ್ಲ? ಜಪಾನೀಸಲ್ಲಿ ಅದು ಇಲ್ಲ. ಇಂಗ್ಲಿಷಿಗೆ ತಂದವ್ರು ಬೇರೆ ದಾರಿ ಇಲ್ದೆ 'ನಾವು' ಅಂತ ಸೇರಿಸಬೇಕಾಯ್ತು, ಆದ್ರೆ ನಮ್ಮ ಆಡುಮಾತಿಗೆ ಆ ಕಷ್ಟ ಇಲ್ಲ ನೋಡಿ, ನಾನು ಮಾಡಲ್ಲ, ನೀನು ಮಾಡಲ್ಲ, ಅವ್ರು ಮಾಡಲ್ಲ, ಎಲ್ಲದಕ್ಕೂ ಒಂದೇ 'ಮಾಡಲ್ಲ'. ಅಷ್ಟು ಸಲೀಸಾಗಿ ಕನ್ನಡಕ್ಕೆ ಬರುತ್ತೆ ಆ ವಾಕ್ಯ, ಅದರೊಳಗಿನ ಗೊಂದಲದ ಸಮೇತ. ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳು ಅಂತ ಭಿನ್ನ ತೀರ್ಪು ಬರೆದ ನಮ್ಮ ಜಸ್ಟೀಸ್ ರಾಧಾಬಿನೋದ್ ಪಾಲ್ 1952ರಲ್ಲೇ ಹಿರೋಶಿಮಾಕ್ಕೆ ಹೋಗಿದ್ರು, ಈ ವಾಕ್ಯ ಓದಿ ಅವ್ರಿಗೆ ಸಿಟ್ಟು ಬಂತು, ಬಾಂಬ್ ಹಾಕಿದ್ದು ಜಪಾನೀಯರಲ್ವಲ್ಲ, ಇವ್ರ್ಯಾಕೆ ತಪ್ಪು ಒಪ್ಕೋಬೇಕು ಅಂತ. ಆ ಜಗಳ ಆಮೇಲೂ ಎಷ್ಟೋ ವರ್ಷ ನಡೀತು.

ನನ್ನ ಪ್ರಕಾರ ಜಪಾನಿನ ಶಾಂತಿ ಐಡೆಂಟಿಟಿ ಪೂರ್ತಿ ಆ ಕರ್ತೃ ಇಲ್ಲದ ವಾಕ್ಯದ ಮೇಲೆ ನಿಂತಿದೆ. ಅವ್ರ ಮನೆಗಳಲ್ಲಿ ಯುದ್ಧ ಅಂದ್ರೆ ನಮ್ಮ ಮೇಲೆ ಬಿದ್ದ ಬೆಂಕಿ, ಹಸಿವು, ಅಣುಬಾಂಬು. ಅದು ಸುಳ್ಳಲ್ಲ. ಅದು ಅಡುಗೆಮನೆವರೆಗೂ ಬಂದಿತ್ತು, 1954ರಲ್ಲಿ ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿದಾಗ ಒಂದು ಟ್ಯೂನಾ ದೋಣಿಯ 23 ಜನರ ಮೇಲೆ ಬೂದಿ ಬಿತ್ತು, ಒಬ್ಬರು ತೀರ್ಕೊಂಡ್ರು, ಮಾರ್ಕೆಟ್ಟಿನಲ್ಲಿ ಮೀನು ಕೊಳ್ಳೋಕೆ ಜನ ಹೆದರಿದ್ರು, ಟೋಕಿಯೊದ ಸುಗಿನಾಮಿ ಏರಿಯಾದ ಗೃಹಿಣಿಯರು ಸಹಿ ಸಂಗ್ರಹ ಶುರು ಮಾಡಿ ಅದು ಮುಂದಿನ ವರ್ಷದ ಹೊತ್ತಿಗೆ 3 ಕೋಟಿ ದಾಟಿತು. ಸೈನ್ಯ ಬೇಡ ಅನ್ನೋ ಮನಸ್ಸು ಯಾವ್ದೋ ಪ್ರೊಫೆಸರ್ ಹೇಳಿಕೊಟ್ಟಿದ್ದಲ್ಲ, ಮೀನಿನ ಬುಟ್ಟಿಯಿಂದ ಬಂದಿದ್ದು. ಆದ್ರೆ ಜಪಾನ್ ಸೈನ್ಯ ಆಕ್ರಮಿಸಿದ್ದ ನಾನ್‌ಜಿಂಗ್, ಸಿಯೋಲ್, ಮನಿಲಾ ಕಡೆ ಕೂತು ಅದೇ ಕಥೆ ಕೇಳೋರಿಗೆ 'ನಿಮ್ಮ ಮೇಲೆ ಬಿದ್ದಿದ್ದು ಸರಿ, ನೀವು ಹಾಕಿದ್ದು?' ಅನ್ನೋ ಪ್ರಶ್ನೆ ಮೊದಲು ಬರುತ್ತೆ. ಒಳಗಿನವ್ರಿಗೆ ಶಾಂತಿ ಅನ್ನೋದು ತಮ್ಮ ಗುಣ, ಹೊರಗಿನವ್ರಿಗೆ ಅದು ಜಾಮೀನಿನ ಮೇಲೆ ಬಿಟ್ಟಿರೋ ಷರತ್ತು.

ಮೂರನೇದು, ಐಡಿಯಾ ಅನ್ನೋದು ಗಾಳಿಯಲ್ಲಿ ಇರಲ್ಲ, ಅದನ್ನ ಕಾಯೋರು ಯಾರೋ ಇರ್ತಾರೆ, ಅವ್ರನ್ನ ಪತ್ತೆ ಮಾಡಿ. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 9ನೇ ವಿಧಿ ಯುದ್ಧ ಮಾಡೋ ಹಕ್ಕನ್ನೇ ಬಿಟ್ಟುಕೊಡುತ್ತೆ, ಭೂಸೇನೆ ನೌಕಾಸೇನೆ ವಾಯುಸೇನೆ ಇಟ್ಕೊಳ್ಳಲ್ಲ ಅನ್ನುತ್ತೆ. ಕರಡು ಬರೆದಿದ್ದು ಯುದ್ಧ ಸೋತ ಜಪಾನಿನ ಉಸ್ತುವಾರಿ ನೋಡ್ಕೊಳ್ತಿದ್ದ ಅಮೆರಿಕದ ಜನರಲ್ ಮೆಕಾರ್ಥರ್ ಕೆಳಗಿದ್ದ ಅಮೆರಿಕನ್ನರು. ಮಜಾ ಏನಂದ್ರೆ 1953ರಲ್ಲೇ ಉಪಾಧ್ಯಕ್ಷ ನಿಕ್ಸನ್ ಟೋಕಿಯೊಗೆ ಬಂದು ಆವತ್ತು ನಿಮ್ಮ ಶಸ್ತ್ರ ಕಿತ್ಕೊಂಡಿದ್ದು ನಮ್ಮ ತಪ್ಪು ಅಂತ ಹೇಳಿ ಹೋದ್ರು, ಅಷ್ಟರಲ್ಲಿ ಪ್ರಧಾನಿ ಯೋಶಿದಾ ಅದೇ ವಿಧಿಯನ್ನ ಗುರಾಣಿ ಮಾಡ್ಕೊಂಡಿದ್ರು, ನೀವೇ ಬರೆದುಕೊಟ್ಟಿದ್ದಲ್ವಾ ಸ್ವಾಮಿ, ಸೈನ್ಯಕ್ಕೆ ದುಡ್ಡು ಹಾಕೋಕಾಗಲ್ಲ, ನಾವು ಫ್ಯಾಕ್ಟರಿ ಕಟ್ತೀವಿ ಅಂತ. ಇವತ್ತಿಗೂ ಆ ಸಂವಿಧಾನದಲ್ಲಿ ಒಂದು ಅಕ್ಷರ ಬದಲಾಗಿಲ್ಲ. ಬದಲಾಗಿದ್ದು ಅರ್ಥ, ಮತ್ತೆ ಅದರ ಕಾವಲುಗಾರರು. ಕಾನೂನಿನ ಅರ್ಥ ಹೇಳೋ ಕ್ಯಾಬಿನೆಟ್ ಲೆಜಿಸ್ಲೇಶನ್ ಬ್ಯೂರೋ ಅಂತ ಒಂದು ಕಚೇರಿ ಇದೆ, ಮಿತ್ರದೇಶದ ಪರ ಯುದ್ಧ ಮಾಡೋಕೆ 9ನೇ ವಿಧಿ ಬಿಡಲ್ಲ ಅಂತ ದಶಕಗಟ್ಟಲೆ ಹೇಳ್ತಾ ಬಂತು, 2013ರಲ್ಲಿ ಪ್ರಧಾನಿ ಅಬೆ ಅದರ ಮುಖ್ಯಸ್ಥರ ಜಾಗಕ್ಕೆ ಹೊರಗಿಂದ ಒಬ್ಬ ರಾಯಭಾರಿಯನ್ನ ತಂದು ಕೂರಿಸಿದ್ರು, ಜುಲೈ 2014ರಲ್ಲಿ ಅರ್ಥ ಬದಲಾಯ್ತು. ಅಂಥ ನೇಮಕದ ಸುದ್ದಿ ಪೇಪರಿನ ಮೂಲೇಲಿ ಬರುತ್ತೆ, ಯಾರೂ ಓದಲ್ಲ, ಆದ್ರೆ ಮಿಸೈಲ್ ಖರೀದಿಗಿಂತ ದೊಡ್ಡ ಸುದ್ದಿ ಅದು. ಇನ್ನೊಬ್ಬ ಕಾವಲುಗಾರ ಕೊಮೆಯ್‌ತೊ ಪಕ್ಷ, ಸೋಕಾ ಗಕ್ಕಾಯ್ ಅನ್ನೋ ಬೌದ್ಧ ಸಂಘಟನೆಯ ಬೆಂಬಲದ್ದು, 1999ರಿಂದ ಅಬೆ ಅವ್ರ ಎಲ್‌ಡಿಪಿ ಪಕ್ಷದ ಜೊತೆ ಮೈತ್ರಿಯಲ್ಲಿದ್ಕೊಂಡು ಡಿಫೆನ್ಸ್ ಮಸೂದೆಗಳಿಗೆ ಷರತ್ತು ಹಾಕ್ತಿತ್ತು. ಅಕ್ಟೋಬರ್ 2025ರಲ್ಲಿ ಅದು ಮೈತ್ರಿಯಿಂದ ಎದ್ದು ಹೋಯ್ತು. ಇದನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಕೆಳಗೆ ಬೇಕಾಗುತ್ತೆ.

ನಾಲ್ಕನೇದಕ್ಕೆ ಬರೋಣ, ಇದು ಸ್ವಲ್ಪ ಪ್ರಾಮಾಣಿಕತೆಯ ಕೆಲಸ. ಎಲ್ಲದಕ್ಕೂ ಐಡೆಂಟಿಟಿನೇ ಕಾರಣ ಅನ್ನೋದು ಸುಲಭ, ಕೇಳೋಕೂ ಬುದ್ಧಿವಂತಿಕೆ ಥರ ಇರುತ್ತೆ. ಪರೀಕ್ಷೆ ಮಾಡಿ. ದುಡ್ಡಿತ್ತು, ಮಿತ್ರದೇಶದ ಒತ್ತಡ ಇತ್ತು, ಸ್ವಂತ ಲಾಭನೂ ಇತ್ತು, ಆದ್ರೂ ಆ ದೇಶ ಹೆಜ್ಜೆ ಇಡ್ಲಿಲ್ಲ ಅನ್ನೋ ಒಂದು ಸಂದರ್ಭ ಸಿಕ್ರೆ ಅಲ್ಲಿ ಐಡಿಯಾ ಕೆಲಸ ಮಾಡಿದೆ ಅಂತ ಅರ್ಥ. ಜಪಾನಿಗೆ ಅದು 1991ರ ಗಲ್ಫ್ ಯುದ್ಧ. ಎಣ್ಣೆ ಬೇಕಿದ್ದಿದ್ದು ಅವ್ರಿಗೇ, ಅಮೆರಿಕ ಬನ್ನಿ ಬನ್ನಿ ಅಂತಿತ್ತು, ಅವ್ರು ಒಬ್ಬ ಸೈನಿಕನನ್ನೂ ಯುದ್ಧಕ್ಕೆ ಕಳಿಸದೆ 1300 ಕೋಟಿ ಡಾಲರ್ ಕೊಟ್ರು. ಯುದ್ಧ ಮುಗಿದ್ಮೇಲೆ ಕುವೈತ್ ಅಮೆರಿಕದ ಪೇಪರುಗಳಲ್ಲಿ ಎಲ್ಲ ದೇಶಗಳಿಗೂ ಥ್ಯಾಂಕ್ಸ್ ಹೇಳಿ ಜಾಹೀರಾತು ಹಾಕ್ತು, ಪಟ್ಟೀಲಿ ಜಪಾನ್ ಹೆಸರೇ ಇಲ್ಲ. ಮದುವೆಗೆ ದೊಡ್ಡ ಮುಯ್ಯಿ ಮಾಡಿ ವಂದನೆ ಹೇಳೋವಾಗ ಹೆಸರು ಬಿಟ್ಟುಹೋದ್ರೆ ಹೆಂಗಿರುತ್ತೆ. ಆ ಅವಮಾನ ಅಲ್ಲಿನ ಅಧಿಕಾರಿಗಳು ಇವತ್ತಿಗೂ ಮರ್ತಿಲ್ಲ, 1992ರಲ್ಲೇ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಪಡೆ ಕಳಿಸೋ ಕಾನೂನು ಬಂತು, ಕಾಂಬೋಡಿಯಾಕ್ಕೆ ಹೋದ್ರು. ಅಂದ್ರೆ ಹೊರಗಿನ ಜನ ನಮ್ಮನ್ನ ಏನಂತ ನೋಡ್ತಾರೆ ಅನ್ನೋದೇ ಒಳಗಿನ ನೀತೀನ ಬದಲಾಯಿಸ್ತು.

ಇದಕ್ಕೆ ಉಲ್ಟಾ ಪುರಾವೆನೂ ಬರ್ಕೊಳ್ಳಿ. 1976ರಿಂದ ಡಿಫೆನ್ಸ್ ಖರ್ಚು ರಾಷ್ಟ್ರೀಯ ಉತ್ಪನ್ನದ ಶೇಕಡಾ 1ರ ಒಳಗೆ ಅಂತ ಒಂದು ಗೆರೆ, ಆಮೇಲೆ ಅಧಿಕೃತವಾಗಿ ಅದನ್ನ ತೆಗೆದ್ರೂ ಹೆಚ್ಚೂಕಮ್ಮಿ ಅಲ್ಲೇ ನಿಂತಿತ್ತು. ಉಕ್ರೇನ್ ಯುದ್ಧ ಆಯ್ತು, ಡಿಸೆಂಬರ್ 2022ರಲ್ಲಿ ಪ್ರಧಾನಿ ಕಿಶಿದಾ ಐದು ವರ್ಷಕ್ಕೆ 43 ಲಕ್ಷ ಕೋಟಿ ಯೆನ್, 2027ಕ್ಕೆ ಶೇಕಡಾ 2 ಅಂದ್ರು, ಶತ್ರು ನೆಲೆಗೆ ಹೊಡೆಯೋ ಮಿಸೈಲ್ ಬೇಕು ಅಂದ್ರು. 2015ರಲ್ಲಿ ಮಿತ್ರದೇಶದ ಪರ ಯುದ್ಧಕ್ಕೆ ದಾರಿ ಬಿಡೋ ಕಾನೂನು ಬೇಡ ಅಂತ ಪಾರ್ಲಿಮೆಂಟ್ ಮುಂದೆ ಮಳೇಲಿ ನಿಂತಷ್ಟು ಜನ ಈ ಸಲ ನಿಲ್ಲಲಿಲ್ಲ. ಅಪಾಯ ಹತ್ರ ಬಂದ್ರೆ ಐಡಿಯಾ ಸರಿದು ಜಾಗ ಬಿಡುತ್ತೆ. ಆದ್ರೂ 'ಶತ್ರು ನೆಲೆ ಮೇಲೆ ದಾಳಿ' ಅನ್ನೋ ಪದ ತೆಗೆದು 'ಪ್ರತಿದಾಳಿ ಸಾಮರ್ಥ್ಯ' ಅಂತ ಮಾಡಿದ್ಮೇಲೇ ಫೈಲ್ ಮುಂದಕ್ಕೆ ಹೋಗಿದ್ದು.

ಈಗ ಹೊರಗಿನ ಜನಾಭಿಪ್ರಾಯ. ಇಲ್ಲಿ ಮೂರನೇ ಕಾಲಮ್ ಹಾಕಿ, ಇದೇ ಸುದ್ದಿ ಬೇರೆ ಬೇರೆ ಊರಲ್ಲಿ ಕೂತವ್ರಿಗೆ ಹೆಂಗೆ ಕೇಳ್ಸುತ್ತೆ ಅಂತ. ಇಝುಮೊದ ಜೋಡಿ ಹಡಗಿನ ಹೆಸರು ಕಾಗಾ. ಜಪಾನಿನವ್ರನ್ನ ಕೇಳಿದ್ರೆ ಅದು ಹಳೇ ಪ್ರಾಂತ್ಯದ ಹೆಸರು ಅಷ್ಟೇ ಅಂತಾರೆ, ನಿಜಾನೇ. ಬೀಜಿಂಗಲ್ಲಿ ಕೇಳಿದ್ರೆ ಶಾಂಘೈ ಯುದ್ಧಕ್ಕೆ ಬಂದಿದ್ದ, ಪರ್ಲ್ ಹಾರ್ಬರ್‌ಗೆ ಹೋಗಿದ್ದ, 1942ರಲ್ಲಿ ಮಿಡ್‌ವೇಯಲ್ಲಿ ಮುಳುಗಿದ ವಿಮಾನವಾಹಕದ ಹೆಸರು ಅದು. ಪರ್ಲ್ ಹಾರ್ಬರ್‌ನಲ್ಲಿ ಏಟು ತಿಂದ ಅಮೆರಿಕದವ್ರೋ, ಮೇ 2019ರಲ್ಲಿ ಟ್ರಂಪ್ ಅಬೆ ಜೊತೆ ಅದೇ ಕಾಗಾ ಡೆಕ್ಕಿಗೆ ಹತ್ತಿದ್ರು. ಏಟು ತಿಂದವ್ರೆಲ್ಲ ಒಂದೇ ಥರ ನೆನಪಿಟ್ಕೊಳ್ಳಲ್ಲ.

ಮನಿಲಾ ನೋಡಿ. 1945ರ ಮನಿಲಾ ಕದನದಲ್ಲಿ ಸತ್ತ ಸಾಮಾನ್ಯ ಜನ ಸುಮಾರು ಒಂದು ಲಕ್ಷ. ಅದೇ ಫಿಲಿಪೀನ್ಸ್ ಜುಲೈ 2024ರಲ್ಲಿ ಎರಡೂ ಕಡೆ ಪಡೆಗಳು ಬಂದು ಹೋಗೋಕೆ ಜಪಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕ್ತು. ಮಧ್ಯದಲ್ಲಿ ಏನಾಯ್ತು ಅಂತ ಹುಡುಕೋದೇ ನಿಮ್ಮ ಕೆಲಸ. ಜನವರಿ 1974ರಲ್ಲಿ ಪ್ರಧಾನಿ ತನಾಕಾ ಜಕಾರ್ತಾಕ್ಕೆ ಹೋದಾಗ ಗಲಭೆ ಆಗಿ ಜಪಾನಿ ಕಾರುಗಳಿಗೆ ಬೆಂಕಿ ಬಿದ್ದಿತ್ತು, ಆಗಿನ ಸಿಟ್ಟು ಸೈನ್ಯದ ಮೇಲಲ್ಲ, ಜಪಾನಿನ ದುಡ್ಡಿನ ಮೇಲೆ. ಟೋಕಿಯೊಗೆ ಶಾಕ್ ಆಯ್ತು. 1977ರಲ್ಲಿ ಪ್ರಧಾನಿ ಫುಕುದಾ ಮನಿಲಾಗೆ ಹೋಗಿ ನಾವು ಮತ್ತೆ ಮಿಲಿಟರಿ ಶಕ್ತಿ ಆಗಲ್ಲ, ಮನಸ್ಸಿನಿಂದ ಮನಸ್ಸಿಗೆ ಸಂಬಂಧ ಇಟ್ಕೊಳ್ತೀವಿ ಅಂತ ಭಾಷಣ ಮಾಡಿದ್ರು, ಆಮೇಲೆ ದಶಕಗಟ್ಟಲೆ ರಸ್ತೆ, ಸೇತುವೆ, ಸಾಲ. ಇವತ್ತು ಸಿಂಗಾಪುರದ ಒಂದು ಸಂಶೋಧನಾ ಸಂಸ್ಥೆ ವರ್ಷಾ ವರ್ಷ ಮಾಡೋ ಆಗ್ನೇಯ ಏಷ್ಯಾ ಸರ್ವೇಲಿ ದೊಡ್ಡ ದೇಶಗಳ ಪೈಕಿ ಎಲ್ಲರಿಗಿಂತ ನಂಬಿಕೆ ಇರೋದು ಜಪಾನ್ ಮೇಲೆ. (ಆ ಸರ್ವೇಲಿ ಉತ್ತರ ಕೊಡೋರು ಅಧಿಕಾರಿಗಳು, ಪ್ರೊಫೆಸರ್‌ಗಳು, ಬಿಸಿನೆಸ್ ಜನ, ಮಾರ್ಕೆಟ್ಟಲ್ಲಿ ಮೀನು ಮಾರೋರಲ್ಲ. ಯಾರನ್ನ ಕೇಳಿದ್ರು ಅಂತ ಯಾವಾಗ್ಲೂ ನೋಡ್ಕೊಳ್ಳಿ.)

ಹಾಗಾದ್ರೆ ಚೀನಾ, ಕೊರಿಯಾದಲ್ಲಿ ಯಾಕೆ ಹಂಗಾಗ್ಲಿಲ್ಲ? ದುಡ್ಡು ಅಲ್ಲಿಗೂ ಹೋಗಿದೆ, ಕ್ಷಮೆನೂ ಕೇಳಿದ್ದಾರೆ, 1995ರಲ್ಲಿ ಪ್ರಧಾನಿ ಮುರಯಾಮಾ ಕ್ಷಮೆ ಕೇಳಿದ ಹೇಳಿಕೆ ಇದೆ. ನನಗೆ ಅನ್ಸೋದು, ನೋವು ಎಷ್ಟು ಅನ್ನೋದಕ್ಕಿಂತ ಆ ನೋವು ದೇಶದ ಹುಟ್ಟಿನ ಕಥೇಲಿ ಯಾವ ಜಾಗದಲ್ಲಿದೆ ಅನ್ನೋದು ಮುಖ್ಯ. ಇಂಡೊನೇಷ್ಯಾದ ಕಥೇಲಿ ದೊಡ್ಡ ವಿಲನ್ ಡಚ್ಚರು, ಜಪಾನ್ ಮೂರೂವರೆ ವರ್ಷ ಬಂದು ಹೋದ ಕ್ರೂರಿ. ಕೊರಿಯಾದ ಕಥೇಲಿ 1910ರಿಂದ 1945ರವರೆಗೆ ಬೇರೆ ವಿಲನ್ನೇ ಇಲ್ಲ. ಚೀನಾದಲ್ಲಿ ಜಪಾನನ್ನ ಸೋಲಿಸಿದ್ದೇ ಕಮ್ಯುನಿಸ್ಟ್ ಪಕ್ಷದ ಹಿರಿಮೆ, ಅದರ ಮೇಲೆ 1990ರ ದಶಕದಿಂದ ಶಾಲೆಗಳಲ್ಲಿ ದೇಶಭಕ್ತಿ ಶಿಕ್ಷಣ. ನಮ್ಮದೋ? ಅಂಡಮಾನನ್ನ ಜಪಾನ್ ಆಕ್ರಮಿಸಿತ್ತು, ಕೊಹಿಮಾ ಇಂಫಾಲದವರೆಗೂ ಬಂದಿತ್ತು, ಆದ್ರೆ ನಮ್ಮ ತಲೇಲಿ ಉಳಿದಿರೋದು ನೇತಾಜಿಗೆ ಸಹಾಯ ಮಾಡಿದ ಜಪಾನ್. ಅದಕ್ಕೇ ಡಿಸೆಂಬರ್ 26, 2013ರಂದು ಅಬೆ ಯುದ್ಧಾಪರಾಧಿಗಳ ಹೆಸರೂ ಸೇರಿರೋ ಯಾಸುಕುನಿ ದೇಗುಲಕ್ಕೆ ಹೋದಾಗ ಬೀಜಿಂಗ್, ಸಿಯೋಲ್ ಕುದ್ದುಹೋದ್ವು, ಅಮೆರಿಕ ಕೂಡ ಬೇಜಾರಾಯ್ತು ಅಂತ ಬಾಯ್ಬಿಟ್ಟು ಹೇಳ್ತು, ಸರಿಯಾಗಿ ಒಂದು ತಿಂಗಳಿಗೆ ಅದೇ ಅಬೆ ದೆಹಲೀಲಿ ಗಣರಾಜ್ಯೋತ್ಸವದ ಮುಖ್ಯ ಅತಿಥಿ. ನಮ್ಮಲ್ಲಿ ಯಾರಿಗೂ ಅದು ಸುದ್ದಿ ಅಂತ್ಲೇ ಅನ್ಸಲಿಲ್ಲ. ಅಂದಹಾಗೆ ಆ ಯಾಸುಕುನಿ ಆವರಣದಲ್ಲಿ ನಮ್ಮ ಪಾಲ್ ಅವ್ರ ಸ್ಮಾರಕಾನೂ ಇದೆ.

ಜನಾಭಿಪ್ರಾಯ ಅಂತ ಒಂದೇ ಪದದಲ್ಲಿ ಕಟ್ಟಬೇಡಿ, ಸರ್ಕಾರ ಬೇರೆ, ಸೈನ್ಯ ಬೇರೆ, ಜನ-ಊಟ-ಪ್ರವಾಸ ಬೇರೆ. 2019ರಲ್ಲಿ ಕೊರಿಯನ್ನರು ಜಪಾನಿ ಬಿಯರು, ಬಟ್ಟೆ, ಕಾರು ಎಲ್ಲ ಬಹಿಷ್ಕಾರ ಹಾಕಿದ್ರು, 2023ರಲ್ಲಿ ಅಲ್ಲಿಗೆ ಪ್ರವಾಸ ಹೋದ ಕೊರಿಯನ್ನರು ಹತ್ತಿರತ್ತಿರ 70 ಲಕ್ಷ. ಯುದ್ಧಕಾಲದ ಬಲವಂತದ ದುಡಿಮೆಯ ಕೋರ್ಟಿನ ಕೇಸು ಹಂಗೇ ಇದೆ, ಜಪಾನ್ ಸೈನ್ಯ ಲೈಂಗಿಕ ಗುಲಾಮಗಿರಿಗೆ ತಳ್ಳಿದ್ದ ಹೆಂಗಸರ ನೆನಪಿನ ಪ್ರತಿಮೆ ಜಗಳ ಹಂಗೇ ಇದೆ, ಒಸಾಕಾದಲ್ಲಿ ಊಟಕ್ಕೆ ಕ್ಯೂ ನಿಂತಿದ್ದಾರೆ. ಪೋಲ್ ನೋಡಿದ್ರೆ ತಾರೀಖು ನೋಡಿ, ಪ್ರಶ್ನೆ ಓದಿ. ಜಪಾನಿನಲ್ಲೇ 'ಸಂವಿಧಾನ ತಿದ್ದಬೇಕಾ' ಅಂದ್ರೆ ಹೂಂ ಅನ್ನೋರಲ್ಲಿ ಎಷ್ಟೋ ಜನ '9ನೇ ವಿಧಿ ತಿದ್ದಬೇಕಾ' ಅಂದ್ರೆ ಹಿಂದೆ ಸರೀತಾರೆ.

ಇನ್ನೊಂದು ಅಭ್ಯಾಸ ಮಾಡ್ಕೊಳ್ಳಿ, ಈ ಐಡಿಯಾ ನಮ್ಮ ಮನೆಗೆ ಎಲ್ಲಿ ತಾಗುತ್ತೆ ಅಂತ ನೋಡೋದು. ಬೆಂಗಳೂರಿನ ನಲ್ಲೀಲಿ ಬರೋ ಕಾವೇರಿ ನೀರಿನ ನಾಲ್ಕನೇ, ಐದನೇ ಹಂತಕ್ಕೆ ಸಾಲ ಕೊಟ್ಟಿದ್ದು ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ. ಸೈನ್ಯ ಕಳಿಸದ ದೇಶ ಪ್ರಭಾವ ಬೀರೋದು ಹಿಂಗೆ, ಪೈಪು, ಮೆಟ್ರೋ, ಸಾಲದ ಮೂಲಕ. ಮೇ 1998ರಲ್ಲಿ ನಾವು ಪೋಖ್ರಾನ್ ಮಾಡಿದಾಗ ಜಪಾನ್ ಹೊಸ ಯೆನ್ ಸಾಲ ನಿಲ್ಲಿಸ್ತು, 2001ರಲ್ಲಿ ಬಿಡ್ತು. 2016ರಲ್ಲಿ ನಾಗರಿಕ ಪರಮಾಣು ಒಪ್ಪಂದಕ್ಕೆ ಸಹಿ ಆಯ್ತು, ನಾವು ಮತ್ತೆ ಪರೀಕ್ಷೆ ಮಾಡಿದ್ರೆ ಸಹಕಾರ ನಿಲ್ಲಿಸ್ತೀವಿ ಅನ್ನೋದನ್ನ ಅವ್ರು ಬೇರೆ ಟಿಪ್ಪಣಿಯಲ್ಲಿ ಬರೆಸ್ಕೊಂಡ್ರು. ಆ ಟಿಪ್ಪಣಿ ಬರೆಸಿದ್ದು ಹಿರೋಶಿಮಾ.

ಈಗ ಒಂದು ಸುದ್ದಿ ತಗೊಂಡು ಪೂರ್ತಿ ಮಾಡೋಣ. ನವೆಂಬರ್ 2025, ಪ್ರಧಾನಿ ತಕಾಯಿಚಿ ಪಾರ್ಲಿಮೆಂಟಲ್ಲಿ ತೈವಾನ್ ಮೇಲೆ ದಾಳಿ ಆದ್ರೆ ಅದು 'ಸೊನ್ರಿತ್ಸು ಕಿಕಿ ಜಿತಾಯ್' ಆಗಬಹುದು ಅಂದ್ರು, ಅಳಿವು-ಉಳಿವಿನ ಪರಿಸ್ಥಿತಿ ಅಂತ. ಚೀನಾ ಕೆಂಡ ಆಗಿ ತನ್ನ ಜನಕ್ಕೆ ಜಪಾನಿಗೆ ಹೋಗಬೇಡಿ ಅಂತು. ಹೆಸರು ನೋಡಿ, 2015ರ ಕಾನೂನಿನಲ್ಲಿ ಹುಟ್ಟಿದ ಪದ ಅದು, ಜಪಾನ್ ಮೇಲೆ ನೇರ ದಾಳಿ ಆಗದಿದ್ರೂ ಮಿತ್ರದೇಶದ ಪರ ಪಡೆ ಯುದ್ಧಕ್ಕೆ ಇಳೀಬೇಕು ಅಂದ್ರೆ ಆ ಪದ ಬೀಳ್ಲೇಬೇಕು, ಅಂದ್ರೆ ಟೋಕಿಯೊ ಕಿವಿಗೆ ಕಾನೂನಿನ ಬೀಗದ ಕೈ. ಗಾಯ ನೋಡಿ, ಬೀಜಿಂಗ್ ಕಿವಿಗೆ ಅದು ಕಾನೂನಲ್ಲ, 1931ರಲ್ಲಿ ಮಂಚೂರಿಯಾಕ್ಕೆ ನುಗ್ಗಿದ್ದ ಸೈನ್ಯದ ನೆನಪು. ಕಾವಲುಗಾರ ನೋಡಿ, ಕೊಮೆಯ್‌ತೊ ಎದ್ದು ಹೋಗಿ ಇನ್ನೂ ಒಂದು ತಿಂಗಳಾಗಿರ್ಲಿಲ್ಲ. ಇಷ್ಟು ಕಿರಿಕ್ ಆದ್ರೂ ಊರಲ್ಲಿ ತಕಾಯಿಚಿ ಬೆಂಬಲ ಕುಸಿಯಲಿಲ್ಲ, ಅಂದ್ರೆ ಸುಗಿನಾಮಿಯ ಆ ಗೃಹಿಣಿಯರ ಮೊಮ್ಮಕ್ಕಳಿಗೆ ಬೇರೆ ಏನೋ ಭಯ ಇದೆ. ಹತ್ತು ನಿಮಿಷದ ಕೆಲಸ, ಒಂದೂ ಮಿಸೈಲ್ ಎಣಿಸಲಿಲ್ಲ.

ಅಭ್ಯಾಸಕ್ಕೆ ಅಂತ ನಮ್ಮದನ್ನೇ ಒಂದು ಸಲ ಹಾಕಿ ನೋಡಿ. ಮೇ 18, 1974. ಎಡಗಡೆ, ಮರುಭೂಮಿಯ ಅಡಿ ಅಣು ಸಾಧನ ಸಿಡಿಸಿದ್ದು. ಬಲಗಡೆ ನಮ್ಮ ಸರ್ಕಾರ ಕೊಟ್ಟ ಹೆಸರು, 'ಶಾಂತಿಯುತ ಪರಮಾಣು ಸ್ಫೋಟ'. ಮೂರನೇ ಕಾಲಮ್ಮಿಗೆ ಇಸ್ಲಾಮಾಬಾದ್ ಹಾಕಿ, ಪ್ಲುಟೋನಿಯಂ ಕೊಟ್ಟ ರಿಯಾಕ್ಟರ್ ಕಟ್ಟೋಕೆ ನೆರವಾಗಿದ್ದ ಕೆನಡಾದ ರಾಜಧಾನಿ ಒಟ್ಟಾವ ಹಾಕಿ, ಆಮೇಲೆ ಹಿರೋಶಿಮಾದಲ್ಲಿ ಆ ಕಲ್ಲಿನ ಮುಂದೆ ನಿಂತಿರೋ ಒಬ್ಬರನ್ನ ಹಾಕಿ.